ಬರಗಾಲದಲ್ಲಿ ಮೊದಲ ಕೊಡ ಯಾರದು? ವಕ್ಫ್ ಚರಿತ್ರೆಯಿಂದ ಕೆಲವು ಪಾಠಗಳು

ಮಳೆ ಕೈಕೊಟ್ಟ ವರ್ಷಗಳಲ್ಲಿ ನಾವು ಈದ್ಗಾ ಮೈದಾನಕ್ಕೆ ಹೋಗಿ ಇಸ್ತಿಸ್ಕಾ ನಮಾಝ್ ನಿರ್ವಹಿಸುತ್ತೇವೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಹಲವು ಊರುಗಳಲ್ಲಿ ಈ ನಮಾಝ್ ನಡೆಯಿತು. ಆ ನಮಾಝಿಗೆ ಹೊರಡುವ ಮುನ್ನ ಇಮಾಮರು ಜನರಿಗೆ ನಾಲ್ಕು ವಿಷಯಗಳನ್ನು ಬೋಧಿಸಬೇಕೆಂದು ಫಿಕ್ಹ್ ವಿದ್ವಾಂಸರು ಬರೆದಿದ್ದಾರೆ: ತೌಬಾ ಮಾಡುವುದು, ಉಪವಾಸ ಹಿಡಿಯುವುದು, ಸದಕಾ ಕೊಡುವುದು ಮತ್ತು ಯಾರದಾದರೂ ಹಕ್ಕು ತಮ್ಮ ಬಳಿ ಉಳಿದಿದ್ದರೆ ಅದನ್ನು ಹಿಂದಿರುಗಿಸುವುದು. ಆಕಾಶದತ್ತ ಕೈ ಎತ್ತುವ ಮೊದಲು ನೆಲದ ಮೇಲಿನ ಲೆಕ್ಕ ಚುಕ್ತಾ ಆಗಬೇಕು. ಬರಗಾಲಕ್ಕೂ ಜನರ ಹಕ್ಕಿಗೂ ಸಂಬಂಧವಿದೆ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಮೊದಲಿನಿಂದಲೂ ಇತ್ತು.

ಇಂದು ಜಗತ್ತು ಇದೇ ವಿಷಯವನ್ನು 'ಹವಾಮಾನ ನ್ಯಾಯ' ಎಂಬ ಹೆಸರಿನಲ್ಲಿ ಮಾತನಾಡುತ್ತಿದೆ. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಲ್ಲಿದ್ದಲು, ಎಣ್ಣೆ ಸುಟ್ಟು ಸಿರಿವಂತರಾದ ದೇಶಗಳು ಗಾಳಿಗೆ ಹೊಗೆ ಬಿಟ್ಟವು. ಆ ಹೊಗೆಯಿಂದ ಭೂಮಿ ಕಾದಿದೆ, ಮಳೆಯ ಲೆಕ್ಕ ತಪ್ಪಿದೆ. ಅದರ ಪೆಟ್ಟು ಮೊದಲು ಬೀಳುವುದು ಮಾತ್ರ ಆ ಹೊಗೆಯಲ್ಲಿ ಪಾಲೇ ಇಲ್ಲದವರ ಮೇಲೆ: ಒಣಭೂಮಿಯ ರೈತ, ಬಿಸಿಲಲ್ಲಿ ತಳ್ಳುಗಾಡಿ ನಿಲ್ಲಿಸುವ ವ್ಯಾಪಾರಿ, ಕಡಲಿಗೆ ಇಳಿಯಲಾಗದ ಮೀನುಗಾರ, ಟ್ಯಾಂಕರ್ ಬರುವ ತನಕ ಕೊಡ ಹಿಡಿದು ಕಾಯುವ ತಾಯಿ. ಅವರ ನಷ್ಟ ತುಂಬಿಕೊಡುವವರು ಯಾರು, ಯಾವ ಹಣದಿಂದ, ಯಾವ ನಿಯಮದಂತೆ? ಈ ಪ್ರಶ್ನೆಗೆ ನಮ್ಮ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಸಮುದಾಯ ತನ್ನ ಹಣವನ್ನು ಒಟ್ಟುಗೂಡಿಸಿ ನೀರು, ಹುಲ್ಲು, ಅನ್ನವನ್ನು ದುರ್ಬಲರಿಗೆ ತಲುಪಿಸಿದ ಚರಿತ್ರೆ ಅದು. ಅದನ್ನು ಹಂತಹಂತವಾಗಿ ನೋಡೋಣ.

ರೂಮಾ ಬಾವಿ

ಮಕ್ಕಾದಿಂದ ಹಿಜ್ರತ್ ಮಾಡಿ ಬಂದ ಮುಹಾಜಿರರಿಗೆ ಮದೀನಾದಲ್ಲಿ ಎದುರಾದ ಕಷ್ಟಗಳಲ್ಲಿ ಸಿಹಿನೀರಿನ ಕೊರತೆಯೂ ಒಂದು. ರೂಮಾ ಎಂಬ ಬಾವಿಯ ನೀರು ಸಿಹಿಯಾಗಿತ್ತು, ಆದರೆ ದುಡ್ಡು ಕೊಟ್ಟವರಿಗೆ ಮಾತ್ರ. ಮನೆ ಮಠ ಬಿಟ್ಟು ಬರಿಗೈಲಿ ಬಂದವರು ದಿನಾ ನೀರು ಕೊಳ್ಳುವುದೆಲ್ಲಿಂದ? ಆ ಬಾವಿಯನ್ನು ಯಾರು ಕೊಂಡುಕೊಳ್ಳುತ್ತೀರಿ ಎಂದು ಪ್ರವಾದಿ(ಸ) ಕೇಳಿದರು. ಕೊಳ್ಳುವವನಿಗೆ ಸ್ವರ್ಗದಲ್ಲಿ ಅದಕ್ಕಿಂತ ಉತ್ತಮವಾದುದರ ವಾಗ್ದಾನವಿತ್ತು. ಜೊತೆಗೆ ಒಂದು ಷರತ್ತೂ ಇತ್ತು: ಕೊಂಡವನ ಬಕೆಟ್ಟು ಇತರ ಮುಸ್ಲಿಮರ ಬಕೆಟ್ಟುಗಳ ಜೊತೆ ಸಮಾನವಾಗಿ ಇಳಿಯಬೇಕು. ಹಝ್ರತ್ ಉಸ್ಮಾನ್(ರ) ತಮ್ಮ ಸ್ವಂತ ಹಣದಿಂದ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ತಿರ್ಮಿದಿ ಮತ್ತು ನಸಾಈ ಸಂಗ್ರಹಗಳಲ್ಲಿ ಈ ವರದಿ ಇದೆ.

ಈ ಘಟನೆಯನ್ನು ನಾವು ಉಸ್ಮಾನ್(ರ)ರ ಔದಾರ್ಯಕ್ಕೆ ಉದಾಹರಣೆಯಾಗಿ ಅನೇಕ ಸಲ ಕೇಳಿದ್ದೇವೆ. ಷರತ್ತಿನ ಕಡೆಗೂ ಒಮ್ಮೆ ನೋಡಬೇಕು. ಹಣ ಹಾಕಿದವನಿಗೆ ಮೊದಲ ಕೊಡ ಸಿಗುವುದಿಲ್ಲ. ಅವನಿಗಾಗಿ ಬೇರೆ ಸಾಲಿಲ್ಲ, ಬೇರೆ ಹೊತ್ತಿಲ್ಲ. ಬಾವಿ ಕೊಂಡ ಕ್ಷಣದಲ್ಲೇ ಅವನು ಒಡೆಯನ ಸ್ಥಾನದಿಂದ ಇಳಿದು ನೀರು ಸೇದುವವರಲ್ಲಿ ಒಬ್ಬನಾಗುತ್ತಾನೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಆಶಯದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಪಾಲುದಾರನಿಗೆ ಅವನ ಪಾಲು ತಲುಪಿಸುವುದನ್ನು ಉಪಕಾರವೆಂದು ಯಾರೂ ಎಣಿಸುವುದಿಲ್ಲ. ಹವಾಮಾನ ನ್ಯಾಯದ ಚರ್ಚೆಯಲ್ಲಿ ಬಡ ದೇಶಗಳು ಇಂದು ಕೇಳುತ್ತಿರುವುದೂ ಇದನ್ನೇ: ನಮಗೆ ಬೇಕಾದುದು ಭಿಕ್ಷೆಯಲ್ಲ, ನಮ್ಮ ಪಾಲು.

ಮೂಲ ಉಳಿಯಲಿ, ಫಲ ಹರಿಯಲಿ

ಬಾವಿಯನ್ನು ಒಮ್ಮೆ ಕೊಂಡುಕೊಟ್ಟರೆ ಅಂದಿನ ಬಾಯಾರಿಕೆ ನೀಗುತ್ತದೆ. ಮುಂದಿನ ತಲೆಮಾರಿನ ಬಾಯಾರಿಕೆಗೆ? ಇದಕ್ಕೆ ದಾರಿ ತೆರೆದುಕೊಟ್ಟದ್ದು ಹಝ್ರತ್ ಉಮರ್(ರ)ರಿಗೆ ಖೈಬರಿನಲ್ಲಿ ಸಿಕ್ಕ ಭೂಮಿ. ತಮಗೆ ಇದಕ್ಕಿಂತ ಅಮೂಲ್ಯವಾದ ಆಸ್ತಿ ಎಂದೂ ಸಿಕ್ಕಿರಲಿಲ್ಲ, ಇದನ್ನೇನು ಮಾಡಲಿ ಎಂದು ಅವರು ಪ್ರವಾದಿ(ಸ)ರಲ್ಲಿ ಕೇಳಿದರು. ಮೂಲವನ್ನು ಹಾಗೆಯೇ ಉಳಿಸಿ ಅದರ ಫಲವನ್ನು ದಾನ ಮಾಡಬಹುದೆಂಬ ಸಲಹೆ ಸಿಕ್ಕಿತು. ಅದರಂತೆ ಉಮರ್(ರ) ಆ ಭೂಮಿಯನ್ನು ಮಾರಬಾರದು, ಯಾರಿಗೂ ಉಡುಗೊರೆ ಕೊಡಬಾರದು, ವಾರಸುದಾರರಿಗೆ ಹಂಚಬಾರದು ಎಂದು ಗೊತ್ತುಪಡಿಸಿದರು. ಆದಾಯವು ಬಡವರಿಗೆ, ಬಂಧುಗಳಿಗೆ, ಗುಲಾಮರ ವಿಮೋಚನೆಗೆ, ದಾರಿಹೋಕರಿಗೆ, ಅತಿಥಿಗಳಿಗೆ ಸಲ್ಲಬೇಕಾಗಿತ್ತು. ನೋಡಿಕೊಳ್ಳುವವನು ನ್ಯಾಯವಾದ ರೀತಿಯಲ್ಲಿ ತನ್ನ ಹೊಟ್ಟೆಪಾಡಿಗೆ ತೆಗೆದುಕೊಳ್ಳಬಹುದು, ಆದರೆ ಅದರಿಂದ ಆಸ್ತಿ ಕೂಡಿಸುವಂತಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಈ ವರದಿಯೇ ಮುಂದೆ ವಕ್ಫ್ ಕಾನೂನಿನ ತಳಪಾಯವಾಯಿತು.

ಸಹಾಬಿ ಸಅದ್ ಬಿನ್ ಉಬಾದಾ(ರ) ತಮ್ಮ ತಾಯಿ ತೀರಿಕೊಂಡಾಗ ಯಾವ ದಾನ ಶ್ರೇಷ್ಠವೆಂದು ಕೇಳಿದ್ದರು. ನೀರು ಎಂಬ ಉತ್ತರ ಬಂತು. ಅವರು ಬಾವಿ ತೋಡಿಸಿ ತಾಯಿಯ ಹೆಸರಿಗೆ ಬಿಟ್ಟರು. ಹೀಗೆ ಮೊದಲ ತಲೆಮಾರಿನಲ್ಲೇ ಎರಡು ವಿಷಯಗಳು ನೆಲೆಗೊಂಡವು. ದಾನಗಳಲ್ಲಿ ನೀರಿಗೆ ದೊಡ್ಡ ಸ್ಥಾನ ಸಿಕ್ಕಿತು. ದಾನ ಕೊಟ್ಟವನ ಆಯುಷ್ಯ ಮುಗಿದರೂ ದಾನ ಮುಗಿಯದಂತೆ ನೋಡಿಕೊಳ್ಳುವ ವ್ಯವಸ್ಥೆ ಹುಟ್ಟಿತು.

ಹಿಮಾ: ಚಿಕ್ಕ ಹಿಂಡಿಗೆ ಮೊದಲ ಹಕ್ಕು

ಅರೇಬಿಯಾದಲ್ಲಿ ಹುಲ್ಲುಗಾವಲೆಂದರೆ ಜೀವ. ಇಸ್ಲಾಮಿನ ಮೊದಲು ಬಲಿಷ್ಠ ನಾಯಕರು ಒಳ್ಳೆಯ ಹುಲ್ಲು ಇರುವ ಜಾಗಕ್ಕೆ ತಮ್ಮದೇ ಗಡಿ ಹಾಕಿಕೊಂಡು ಇತರರನ್ನು ದೂರವಿಡುತ್ತಿದ್ದರು. ಅದಕ್ಕೆ 'ಹಿಮಾ' ಎನ್ನುತ್ತಿದ್ದರು. ಪ್ರವಾದಿ(ಸ) ಈ ಖಾಸಗಿ ಗಡಿಗಳನ್ನು ರದ್ದುಪಡಿಸಿದರು. ಹಿಮಾ ಇನ್ನು ಮುಂದೆ ಸಾರ್ವಜನಿಕ ಹಿತಕ್ಕೆ ಮಾತ್ರ ಎಂದಾಯಿತು. ಮದೀನಾದ ಸಮೀಪದ ನಕೀಅ್ ಪ್ರದೇಶವನ್ನು ಅವರು ಹಾಗೆ ಕಾಯ್ದಿರಿಸಿದರು. ಉಮರ್(ರ) ತಮ್ಮ ಕಾಲದಲ್ಲಿ ರಬದಾ ಮೊದಲಾದ ಕಡೆ ಹಿಮಾ ಮಾಡಿದರು.

ಅಲ್ಲಿ ಕಾವಲಿಗೆ ನೇಮಿಸಿದ ಹುನಯ್ ಎಂಬವರಿಗೆ ಉಮರ್(ರ) ಕೊಟ್ಟ ಸೂಚನೆ ಬುಖಾರಿಯಲ್ಲಿದೆ. ಅದರ ಸಾರಾಂಶ ಹೀಗಿದೆ. ಪೀಡಿತನ ಪ್ರಾರ್ಥನೆಗೆ ಹೆದರಿ ನಡೆಯಬೇಕು. ನಾಲ್ಕಾರು ಒಂಟೆ, ಹತ್ತಾರು ಕುರಿ ಇರುವವನನ್ನು ಒಳಗೆ ಬಿಡಬೇಕು. ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನ್ ಅವರ ಹಿಂಡುಗಳನ್ನು ಬಿಡಬಾರದು. ಕಾರಣವನ್ನೂ ಅವರೇ ವಿವರಿಸಿದರು: ಆ ಇಬ್ಬರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ಖಲೀಫರ ಬಾಗಿಲಿಗೆ ಬರುತ್ತಾನೆ. ಆಗ ಅವನನ್ನು ಕೈಬಿಡಲಾಗದು. ಅಂದು ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಇಂದು ಹುಲ್ಲು ನೀರು ಕೊಡುವುದು ಹಗುರ.

ತಡೆಯಲ್ಪಟ್ಟ ಇಬ್ಬರೂ ಯಾರು? ಸ್ವರ್ಗದ ಸುವಾರ್ತೆ ಪಡೆದ ಸಹಾಬಿಗಳು. ಒಬ್ಬರಂತೂ ರೂಮಾ ಬಾವಿಯನ್ನು ಕೊಂಡುಕೊಟ್ಟ ಉಸ್ಮಾನ್(ರ). ಬಾವಿ ಕೊಟ್ಟ ಪುಣ್ಯ ಅವರಿಗೆ ಹುಲ್ಲುಗಾವಲಿನ ಬಾಗಿಲಲ್ಲಿ ಯಾವ ರಿಯಾಯಿತಿಯನ್ನೂ ತಂದುಕೊಡಲಿಲ್ಲ. ಎಷ್ಟು ಕೊಟ್ಟಿದ್ದಾನೆ ಎಂಬುದರ ಬದಲು ಎಷ್ಟು ತಡೆದುಕೊಳ್ಳಬಲ್ಲ ಎಂದು ನೋಡಿ ಉಮರ್(ರ) ಸಾಲು ನಿಲ್ಲಿಸಿದರು. ಇಂದಿನ ಹವಾಮಾನ ತಜ್ಞರು ಹೇಳುವ ಎರಡು ಮಾತುಗಳೂ ಈ ಸೂಚನೆಯಲ್ಲಿ ಅಡಗಿವೆ: ಹೊಡೆತ ತಾಳಲಾರದವನಿಗೆ ಮೊದಲ ನೆರವು, ಮತ್ತು ಅನಾಹುತದ ನಂತರದ ಪರಿಹಾರಕ್ಕಿಂತ ಅನಾಹುತಕ್ಕೆ ಮುಂಚಿನ ಸಿದ್ಧತೆ ಅಗ್ಗ.

ಬೂದಿಯ ವರ್ಷ

ಹಿಜರಿ 18, ಅಂದರೆ ಕ್ರಿ.ಶ. 639ರ ಸುಮಾರಿಗೆ ಹಿಜಾಝಿನಲ್ಲಿ ಭೀಕರ ಬರ ಬಿತ್ತು. ಮಳೆಯಿಲ್ಲದೆ ನೆಲ ಸುಟ್ಟು ಬೂದಿಯ ಬಣ್ಣಕ್ಕೆ ತಿರುಗಿತೆಂದು ಆ ವರ್ಷವನ್ನು 'ಆಮುರ್ರಮಾದ' ಎಂದು ಕರೆದರು. ಮರುಭೂಮಿಯ ಜನ ಹಿಂಡುಗಳನ್ನು ಕಳೆದುಕೊಂಡು ಮದೀನಾದ ಸುತ್ತ ಬಂದು ಬೀಡುಬಿಟ್ಟರು. ಉಮರ್(ರ) ಬೈತುಲ್ ಮಾಲಿನಲ್ಲಿ ಇದ್ದುದನ್ನು ಹಂಚಿದರು. ಸಿರಿಯಾ, ಇರಾಕ್ ಪ್ರಾಂತಗಳ ಅಧಿಕಾರಿಗಳಿಗೆ ಪತ್ರ ಬರೆದು ಧಾನ್ಯ, ಎಣ್ಣೆ, ಬಟ್ಟೆ ತರಿಸಿದರು. ನಗರದಲ್ಲಿ ದೊಡ್ಡ ಕಡಾಯಿಗಳಿಟ್ಟು ಸಾವಿರಾರು ಜನರಿಗೆ ಅಡುಗೆ ಮಾಡಿಸಿದರು. ಬರಲಾಗದವರ ಗುಡಾರಗಳಿಗೆ ಧಾನ್ಯ ಕಳುಹಿಸಿದರು.

ಆ ದಿನಗಳಲ್ಲಿ ಖಲೀಫರ ತಟ್ಟೆಯಲ್ಲಿ ಏನಿತ್ತು ಎಂಬುದನ್ನೂ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಜನರಿಗೆ ತುಪ್ಪ ಸಿಗುವ ತನಕ ತಾವು ತುಪ್ಪ ಮುಟ್ಟುವುದಿಲ್ಲವೆಂದು ಉಮರ್(ರ) ನಿರ್ಧರಿಸಿದರು. ರೊಟ್ಟಿ ಮತ್ತು ಎಣ್ಣೆಯ ಮೇಲೆ ದಿನ ಕಳೆದು ಅವರ ಮೈಬಣ್ಣ ಕಂದಿಹೋಯಿತು. ಇದೇ ಬರದ ಸಮಯದಲ್ಲಿ ಪ್ರವಾದಿ(ಸ)ರ ಚಿಕ್ಕಪ್ಪ ಹಝ್ರತ್ ಅಬ್ಬಾಸ್(ರ)ರನ್ನು ಮುಂದಿಟ್ಟುಕೊಂಡು ಅವರು ಮಳೆಗಾಗಿ ಪ್ರಾರ್ಥಿಸಿದರು. ದುಆ ಮತ್ತು ದಾಸ್ತಾನು ಎರಡೂ ಒಟ್ಟಿಗೆ ನಡೆದವು.

ಹಣಕಾಸಿನ ದೃಷ್ಟಿಯಿಂದ ಇನ್ನೊಂದು ವಿವರ ಬಹಳ ಮುಖ್ಯ. ಬರದ ವರ್ಷದ ಝಕಾತ್ ವಸೂಲಿಯನ್ನು ಉಮರ್(ರ) ಮುಂದೂಡಿದರು. ಮಳೆ ಬಂದು ಜನ ಚೇತರಿಸಿಕೊಂಡ ಮೇಲೆ ಎರಡು ವರ್ಷಗಳದ್ದನ್ನು ಒಟ್ಟಿಗೆ ಪಡೆಯುವಂತೆ ಹೇಳಿದರು. ಆ ಎರಡರಲ್ಲಿ ಒಂದನ್ನು ಅಲ್ಲಿಯ ಬಡವರಿಗೇ ಹಂಚಬೇಕು, ಇನ್ನೊಂದನ್ನು ಮದೀನಾಕ್ಕೆ ತರಬೇಕು. ಅಬೂ ಉಬೈದ್ ಅವರು 'ಕಿತಾಬುಲ್ ಅಮ್ವಾಲ್' ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಹಸಿವಿನಿಂದ ಕದ್ದವನ ಮೇಲೆ ಆ ವರ್ಷ ಕಳ್ಳತನದ ಶಿಕ್ಷೆಯನ್ನೂ ಅವರು ಜಾರಿಗೊಳಿಸಲಿಲ್ಲ. ಮುಂದೆ ಈಜಿಪ್ಟಿನಲ್ಲಿ ಅಮ್ರ್ ಬಿನ್ ಆಸ್(ರ) ನೈಲ್ ನದಿಯನ್ನು ಕೆಂಪು ಸಮುದ್ರಕ್ಕೆ ಜೋಡಿಸುವ ಹಳೆಯ ಕಾಲುವೆಯನ್ನು ಮತ್ತೆ ತೋಡಿಸಿದರು. ಅದರ ಮೂಲಕ ಹಡಗುಗಳಲ್ಲಿ ಧಾನ್ಯ ಹಿಜಾಝ್ ತಲುಪುವಂತಾಯಿತು.

ಝುಬೈದಾರ ಕಾಲುವೆ, ಬಿಜಾಪುರದ ಬಾವಡಿ

ಅಬ್ಬಾಸೀ ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಅವರು ಮಕ್ಕಾದಲ್ಲಿ ಹಾಜಿಗಳು ನೀರಿಗಾಗಿ ಪಡುತ್ತಿದ್ದ ಪಾಡನ್ನು ಕಂಡು ಬೆಟ್ಟಗಳ ನಡುವಿನಿಂದ ಕಾಲುವೆ ತರಿಸಿದರು. ಅದು 'ಐನ್ ಝುಬೈದಾ' ಎಂದು ಹೆಸರಾಯಿತು. ಕೂಫಾದಿಂದ ಮಕ್ಕಾಕ್ಕೆ ಹೋಗುವ ಹಾದಿಯುದ್ದಕ್ಕೂ ಬಾವಿ, ಕೆರೆ, ತಂಗುದಾಣಗಳನ್ನು ಮಾಡಿಸಿದ ಕೀರ್ತಿಯೂ ಅವರದೇ. ಅವರು ತೀರಿಕೊಂಡದ್ದು ಕ್ರಿ.ಶ. 831ರಲ್ಲಿ. ಮೂರೂವರೆ ಶತಮಾನಗಳ ನಂತರ ಆ ದಾರಿಯಲ್ಲಿ ನಡೆದ ಆಂದುಲುಸಿಯದ ಪ್ರವಾಸಿ ಇಬ್ನ್ ಜುಬೈರ್ ಅವರು ಆ ನೀರನ್ನು ಕುಡಿದು ಆಕೆಯನ್ನು ಹರಸಿ ಬರೆದರು.

ಖರ್ಚಿನ ಲೆಕ್ಕಪತ್ರ ತಂದವರಿಗೆ ಝುಬೈದಾ, ಲೆಕ್ಕವನ್ನು ಲೆಕ್ಕದ ದಿನಕ್ಕೆ ಬಿಟ್ಟೆವೆಂದು ಹೇಳಿ ಕಾಗದಗಳನ್ನು ನದಿಗೆ ಎಸೆಸಿದರೆಂಬ ಕಥೆ ಪ್ರಸಿದ್ಧ. ಸ್ವಂತ ಹಣ ಖರ್ಚು ಮಾಡಿದ ರಾಣಿಗೆ ಆ ಮಾತು ಒಪ್ಪುತ್ತದೆ. ಜನರ ಚಂದಾದಿಂದ ಕೆಲಸ ನಡೆಸುವ ಕಮಿಟಿಗೆ ಒಪ್ಪುವುದಿಲ್ಲ. ಅಲ್ಲಿ ಒಂದೊಂದು ರೂಪಾಯಿಯ ರಸೀದಿಯೂ ಈ ಲೋಕದಲ್ಲೇ ಸಿಗಬೇಕು.

ಆ ಕಾಲುವೆ ಶತಮಾನಗಳ ಕಾಲ ಹರಿದದ್ದು ಝುಬೈದಾ ಒಬ್ಬರ ಹಣದಿಂದಲ್ಲ. ಹೂಳು ತುಂಬಿದಾಗಲೆಲ್ಲ ಯಾರೋ ಕೈಹಾಕಿ ದುರಸ್ತಿ ಮಾಡಿಸಿದರು. 16ನೇ ಶತಮಾನದಲ್ಲಿ ಉಸ್ಮಾನೀ ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ ಸುಲ್ತಾನ್ ದೊಡ್ಡ ಪ್ರಮಾಣದಲ್ಲಿ ಜೀರ್ಣೋದ್ಧಾರಕ್ಕೆ ಹಣ ಕೊಟ್ಟರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಡೆದ ದುರಸ್ತಿಗೆ ಹಿಂದೂಸ್ತಾನದ ಮುಸ್ಲಿಮರೂ ಚಂದಾ ಕೂಡಿಸಿ ಕಳುಹಿಸಿದರು. ಒಬ್ಬ ರಾಣಿಯ ದಾನ ಹೀಗೆ ಇಡೀ ಸಮುದಾಯದ ಹೊಣೆಯಾಯಿತು.

ಉಸ್ಮಾನೀ ನಗರಗಳಲ್ಲಿ ಸಾಮಾನ್ಯ ಜನರೂ ಮೊಹಲ್ಲಾದ ಹೆಸರಿನಲ್ಲಿ ವಕ್ಫ್ ನಿಧಿ ಇಟ್ಟುಕೊಂಡಿದ್ದರು. ಅದನ್ನು 'ಅವಾರಿಝ್' ನಿಧಿ ಎನ್ನುತ್ತಿದ್ದರು. ದಿಢೀರ್ ತೆರಿಗೆ ಬಿದ್ದಾಗ, ಮನೆಯ ಯಜಮಾನ ಕಾಯಿಲೆ ಬಿದ್ದಾಗ, ಬಡವರ ಮನೆಯಲ್ಲಿ ಕಷ್ಟ ಬಂದಾಗ, ನೀರಿನ ಕಾಲುವೆ ಒಡೆದಾಗ ಈ ನಿಧಿ ನೆರವಿಗೆ ಬರುತ್ತಿತ್ತು. ಅಲ್ಲಿ ನಗದು ಹಣವನ್ನೇ ವಕ್ಫ್ ಮಾಡಿ ಸಾಲ ಕೊಟ್ಟು ಲಾಭ ಪಡೆಯುವ ಪದ್ಧತಿಯೂ ಬೆಳೆಯಿತು. ಅದರಲ್ಲಿ ಬಡ್ಡಿಯ ವಾಸನೆ ಇದೆಯೆಂದು ಇಮಾಮ್ ಬಿರ್ಗಿವಿಯಂತಹ ವಿದ್ವಾಂಸರು 16ನೇ ಶತಮಾನದಲ್ಲೇ ಬಲವಾಗಿ ವಿರೋಧಿಸಿದರು. ಒಳ್ಳೆಯ ಉದ್ದೇಶಕ್ಕೂ ಹಲಾಲ್ ದಾರಿಯೇ ಬೇಕೆಂಬ ಎಚ್ಚರ ಅದರಲ್ಲಿತ್ತು.

ನಮ್ಮ ನಾಡಿಗೂ ನೀರಿನ ದೊಡ್ಡ ಪರಂಪರೆ ಇದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಝ್ ಇದೆ. ನೆಲದಡಿ ಸುರಂಗ ಕೊರೆದು, ಮಧ್ಯೆ ಮಧ್ಯೆ ಗಾಳಿ ಬೆಳಕಿಗೆ ಬಾವಿಗಳನ್ನು ಬಿಟ್ಟು, ಯಾವ ಯಂತ್ರವೂ ಇಲ್ಲದೆ ನೀರು ಹರಿಸಿದ ಇರಾನೀ ಮಾದರಿಯ ವ್ಯವಸ್ಥೆ ಅದು. ಬಿಜಾಪುರದಲ್ಲಿ ಆದಿಲ್‌ಶಾಹಿಗಳು 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿದರು. ಕೊಳವೆಗಳ ಮೂಲಕ, ಒತ್ತಡ ತಗ್ಗಿಸುವ 'ಗಂಜ್' ಗೋಪುರಗಳ ಮೂಲಕ ನೀರು ಊರೊಳಗೆ ಬರುತ್ತಿತ್ತು. ಆದರೆ ಇವು ಹೆಚ್ಚಾಗಿ ಅರಮನೆಯ ಹಣದಿಂದ ನಿಂತಿದ್ದವು. 1686ರಲ್ಲಿ ಬಿಜಾಪುರ ರಾಜ್ಯ ಬಿದ್ದಿತು. ನೋಡಿಕೊಳ್ಳುವವರಿಲ್ಲದೆ ಕಾಲಾಂತರದಲ್ಲಿ ಕೊಳವೆಗಳು ಕಟ್ಟಿಕೊಂಡವು. ಒಂದು ಕಾಲಕ್ಕೆ ಊರಿಗೇ ನೀರು ಕೊಟ್ಟ ತಾಜ್ ಬಾವಡಿ ನಮ್ಮ ಕಣ್ಣೆದುರಿಗೇ ಕಸದ ಗುಂಡಿಯಾಗಿತ್ತು. ಕಳೆದ ದಶಕದಲ್ಲಿ ಅದನ್ನೂ ಬೀದರಿನ ಕರೇಝನ್ನೂ ಹೂಳೆತ್ತಿ ಸ್ವಚ್ಛಗೊಳಿಸಲಾಯಿತು. ಕಟ್ಟಡಕ್ಕೆ ಹಣ ಇಟ್ಟು ಹೂಳೆತ್ತುವುದಕ್ಕೆ ಹಣ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ.

1877: ದರ್ಬಾರು ಮತ್ತು ಬರ

1876ರಲ್ಲಿ ದಕ್ಷಿಣ ಭಾರತದ ಮುಂಗಾರು ವಿಫಲವಾಯಿತು. ಮದ್ರಾಸ್ ಪ್ರಾಂತ, ಮೈಸೂರು, ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಬಿಜಾಪುರ ಕಲಾದಗಿ ಸೀಮೆ ಎಲ್ಲವೂ ಬರದ ಬಾಯಿಗೆ ಬಿದ್ದವು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿಯೆಂದು ಸಾರುವ ವೈಭವದ ದರ್ಬಾರು ನಡೆಸಿದರು. ದಕ್ಷಿಣದಲ್ಲಿ ಜನ ಬೀದಿಗಳಲ್ಲಿ ಸಾಯುತ್ತಿದ್ದ ದಿನಗಳವು. ಸರಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ಬರ ಪರಿಹಾರ ಕಾಮಗಾರಿಯಲ್ಲಿ ಮೈಮುರಿದು ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಮೇಲೊಂದಿಷ್ಟು ಕಾಸು ಸಾಕೆಂದು ಗೊತ್ತುಮಾಡಿದರು. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತ ಕಡಿಮೆ. ಮಾರುಕಟ್ಟೆಯಲ್ಲಿ ಕೈಹಾಕಬಾರದೆಂಬ ನೀತಿಯಿಂದಾಗಿ ಅದೇ ಸಮಯದಲ್ಲಿ ದೇಶದಿಂದ ಧಾನ್ಯ ಹಡಗೇರಿ ಹೊರಹೋಗುತ್ತಲೇ ಇತ್ತು.

ಮೈಸೂರು ರಾಜ್ಯದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷ ಇತ್ತು. 1881ರ ಗಣತಿಯಲ್ಲಿ ಅದು 41.9 ಲಕ್ಷಕ್ಕಿಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು.

ಹಿಜರಿ 18ರಲ್ಲೂ 1877ರಲ್ಲೂ ಮಳೆ ಬರಲಿಲ್ಲ. ಒಂದು ಕಡೆ ಆಳುವವನು ತುಪ್ಪ ಬಿಟ್ಟ, ವಸೂಲಿ ನಿಲ್ಲಿಸಿದ, ಧಾನ್ಯ ಬರದ ನಾಡಿನತ್ತ ಹರಿಯಿತು. ಇನ್ನೊಂದು ಕಡೆ ಔತಣ ನಡೆಯಿತು, ಕೂಲಿ ಇಳಿಯಿತು, ಧಾನ್ಯ ಬಂದರಿನತ್ತ ಹರಿಯಿತು. ಬರ ಅಲ್ಲಾಹನ ಪರೀಕ್ಷೆ. ಆ ಬರದಲ್ಲಿ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂಬುದರಲ್ಲಿ ಮನುಷ್ಯರ ವ್ಯವಸ್ಥೆಯ ಪಾಲು ಬಹಳ ದೊಡ್ಡದು. ಅದರ ವಿಚಾರಣೆ ನಮ್ಮ ಮೇಲಿದೆ.

ಇಂದಿನ ಲೆಕ್ಕ

2022ರಲ್ಲಿ ಪಾಕಿಸ್ತಾನದಲ್ಲಿ ಬಂದ ಪ್ರವಾಹ 3.3 ಕೋಟಿ ಜನರನ್ನು ಬಾಧಿಸಿತು. ಹಾನಿ ಮತ್ತು ಆರ್ಥಿಕ ನಷ್ಟ ಸೇರಿ ಸುಮಾರು 3,000 ಕೋಟಿ ಡಾಲರ್ ಎಂದು ಅಂದಾಜಾಯಿತು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಆ ದೇಶದ ಪಾಲು ಶೇ. 1ರ ಆಸುಪಾಸು. ಅದೇ ವರ್ಷ ಈಜಿಪ್ಟಿನ ಶರ್ಮ್ ಅಲ್ ಶೇಖಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ, ಇಂತಹ ನಷ್ಟಕ್ಕೆ ಪರಿಹಾರ ಕೊಡುವ ಒಂದು ನಿಧಿ ಸ್ಥಾಪಿಸಲು ಒಪ್ಪಿಗೆಯಾಯಿತು. 2023ರ ದುಬೈ ಸಮ್ಮೇಳನದಲ್ಲಿ ಆ ನಿಧಿಗೆ ಎಲ್ಲ ದೇಶಗಳೂ ಸೇರಿ ಕೊಡುತ್ತೇವೆಂದು ಹೇಳಿದ್ದು ಸುಮಾರು 70 ಕೋಟಿ ಡಾಲರ್. ಒಂದು ದೇಶದ ಒಂದು ವರ್ಷದ ನೆರೆಗೆ 3,000 ಕೋಟಿ, ಇಡೀ ಜಗತ್ತಿನ ನಿಧಿಗೆ 70 ಕೋಟಿ. ಹೊಗೆ ಬಿಟ್ಟ ದೇಶಗಳು ತಮ್ಮ ಹೊಣೆಯಿಂದ ತಪ್ಪಿಸಿಕೊಳ್ಳಬಾರದು. ಸರಕಾರಗಳೂ ತಪ್ಪಿಸಿಕೊಳ್ಳಬಾರದು. ಮಸೀದಿಯ ಡಬ್ಬಿ ಅವರ ಸಾಲ ತೀರಿಸಲಾರದು, ತೀರಿಸಬೇಕಾಗಿಯೂ ಇಲ್ಲ. ಆದರೆ ಅವರ ಹಣ ಬರುವ ತನಕ ನೆರೆಮನೆಯವನು ಬಾಯಾರಿ ಕೂರಬೇಕೆ?

ಕೆಲವು ಕಡೆ ಸಮುದಾಯಗಳು ಹಳೆಯ ದಾರಿಯನ್ನು ಹೊಸ ಅಗತ್ಯಕ್ಕೆ ಬಳಸುತ್ತಿವೆ. ಇಂಡೋನೇಷ್ಯದ ಆಚೆ ಪ್ರಾಂತದಲ್ಲಿ 2012ರಿಂದ ಜನರು ಸಣ್ಣ ಸಣ್ಣ ಮೊತ್ತ ಕೂಡಿಸಿ ಬೋಳು ನೆಲ ಕೊಂಡು, ಅದನ್ನು ವಕ್ಫ್ ಮಾಡಿ, ಗಿಡ ನೆಟ್ಟು 'ವಕ್ಫ್ ಕಾಡು' ಬೆಳೆಸುತ್ತಿದ್ದಾರೆ. ಮಾರಲಾಗದ, ಹಂಚಲಾಗದ ಕಾಡು ಅದು. ಖೈಬರಿನ ಷರತ್ತು ಅಲ್ಲಿ ಮರಗಳನ್ನು ಕಾಯುತ್ತಿದೆ. ಅದೇ ದೇಶದ ಜಂಬಿ ಪ್ರಾಂತದ ವಿದ್ಯುತ್ ಇಲ್ಲದ ಹಳ್ಳಿಗಳಲ್ಲಿ ಝಕಾತ್ ಸಂಸ್ಥೆಯ ಹಣದಿಂದ ಕಿರು ಜಲವಿದ್ಯುತ್ ಘಟಕಗಳು ಬಂದಿವೆ. ನೀರು ಮತ್ತು ನೈರ್ಮಲ್ಯದ ಕೆಲಸಗಳಿಗೆ ಝಕಾತ್, ವಕ್ಫ್ ಹಣವನ್ನು ಷರತ್ತುಗಳೊಂದಿಗೆ ಬಳಸಬಹುದೆಂದು ಅಲ್ಲಿಯ ಉಲಮಾ ಮಂಡಳಿ 2015ರಲ್ಲಿ ಫತ್ವಾ ನೀಡಿತ್ತು.

ನಮ್ಮ ಜಮಾಅತ್‌ಗಳ ಮುಂದಿರುವ ಕೆಲಸ

ಝಕಾತಿನ ವಿಷಯದಲ್ಲಿ ನಮ್ಮಲ್ಲಿ ಎಚ್ಚರ ಬೇಕು. ಝಕಾತ್ ಹಣ ಅರ್ಹ ವ್ಯಕ್ತಿಯ ಒಡೆತನಕ್ಕೇ ಸೇರಬೇಕೆಂಬುದು ಹನಫಿ ಉಲಮಾಗಳ ನಿಲುವು. ಕರಾವಳಿಯ ಶಾಫಿಈ ಜಮಾಅತ್‌ಗಳಲ್ಲೂ ಎಂಟು ವರ್ಗಗಳ ಹೊರಗೆ ಅದನ್ನು ಬಳಸುವುದಿಲ್ಲ. ಹಾಗಾಗಿ ಬಾವಿ, ಟ್ಯಾಂಕು, ಇಂಗುಗುಂಡಿಗಳಿಗೆ ಸದಕಾ ಮತ್ತು ವಕ್ಫ್ ಹಣವೇ ಸರಿ. ಝಕಾತಿಗೆ ಬೇರೆಯೇ ಕೆಲಸವಿದೆ. ಒಂದರ ಮೇಲೊಂದು ಬೋರ್‌ವೆಲ್ ಕೊರೆಸಿ, ನೀರು ಬಾರದೆ, ಬಡ್ಡಿ ಸಾಲದಲ್ಲಿ ಮುಳುಗಿದ ರೈತ ಎಂಟು ವರ್ಗಗಳಲ್ಲಿ ಒಂದಾದ ಸಾಲಗ್ರಸ್ತರ ಸಾಲಿಗೆ ಸೇರುತ್ತಾನೆ. ಅವನನ್ನು ಹುಡುಕಿ ತಲುಪಬೇಕು. ಬೇಸಿಗೆಯ ಬಿಸಿಲಿಗೆ ವ್ಯಾಪಾರ ನಿಂತ ತಳ್ಳುಗಾಡಿಯವನಿಗೆ ಎರಡು ತಿಂಗಳ ಬಡ್ಡಿರಹಿತ ಸಾಲ, ಅಂದರೆ ಕರ್ಝೆ ಹಸನ್, ಸಿಕ್ಕರೆ ಅವನು ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಹುಲ್ಲು ನೀರು ಕೊಡುವುದು ಚಿನ್ನ ಬೆಳ್ಳಿಗಿಂತ ಹಗುರ ಎಂಬ ಉಮರ್(ರ)ರ ಲೆಕ್ಕ ಇಲ್ಲೂ ಸಲ್ಲುತ್ತದೆ.

ಮಸೀದಿಯ ಮಾಳಿಗೆಯನ್ನೊಮ್ಮೆ ನೋಡಿ. ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಬಯಲುಸೀಮೆಯ ಊರಿನಲ್ಲೂ 2,000 ಚದರ ಅಡಿ ಮಾಳಿಗೆಯ ಮೇಲೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಅದು ಚರಂಡಿಗೆ ಹೋಗಬೇಕೆ, ಬಾವಿಗೆ ಇಳಿಯಬೇಕೆ? ಪ್ರವಾದಿ(ಸ) ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿನ ಆಸುಪಾಸು ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಮ್ಮ ನಲ್ಲಿಗಳಿಂದ ಒಬ್ಬೊಬ್ಬರಿಗೆ ಎಷ್ಟು ಹರಿಯುತ್ತದೆ ಎಂದು ಒಂದು ದಿನ ಪಾತ್ರೆ ಇಟ್ಟು ಅಳೆದರೆ ಕಮಿಟಿಗೂ ತಿಳಿಯುತ್ತದೆ, ಮದರಸಾ ಮಕ್ಕಳಿಗೂ ಒಂದು ಪಾಠವಾಗುತ್ತದೆ. ವುಝೂ ಮಾಡಿದ ನೀರನ್ನು ಆವರಣದ ತೆಂಗು, ಬೇವಿನ ಬುಡಕ್ಕೆ ತಿರುಗಿಸಲು ದೊಡ್ಡ ಖರ್ಚೇನೂ ಬೇಡ.

ಈ ಕೆಲಸಗಳಿಗೆ ನಿಧಿ ಇಡುವಾಗ ಚರಿತ್ರೆ ಕಲಿಸಿದ ಮೂರು ನಿಯಮಗಳನ್ನು ಬರೆದೇ ಇಟ್ಟುಕೊಳ್ಳೋಣ.

ಒಂದು, ಕೊಟ್ಟವನ ಕೊಡವೂ ಸಾಲಿನಲ್ಲೇ ನಿಲ್ಲಬೇಕು. ಅತಿ ಹೆಚ್ಚು ಚಂದಾ ಕೊಟ್ಟವರ ಬೀದಿಗೆ ಮೊದಲು ಪೈಪು ಎಳೆಯುವುದು ರೂಮಾದ ಷರತ್ತಿಗೆ ವಿರುದ್ಧ. ನಲ್ಲಿ ಮಸೀದಿಯ ಕಾಂಪೌಂಡಿನ ಹೊರಮುಖಕ್ಕೆ ಇರಲಿ, ನೆರೆಯ ಎಲ್ಲ ಧರ್ಮದವರ ಕೊಡವೂ ಅಲ್ಲಿ ತುಂಬಲಿ. ಬಾಯಾರಿದ ನಾಯಿಗೆ ನೀರು ಕೊಟ್ಟವನ ಪಾಪ ಕ್ಷಮಿಸಲ್ಪಟ್ಟ ಹದೀಸನ್ನು ಓದುವ ನಾವು ಮನುಷ್ಯರ ನಡುವೆ ನೀರಿನ ಲೆಕ್ಕ ಇಡಬಾರದು.

ಎರಡು, ಮೂಲ ಉಳಿಯಬೇಕು, ನಿರ್ವಹಣೆಗೆ ಪಾಲು ಇರಬೇಕು. ಬಾವಿಗೆ ಒಂದು ಲಕ್ಷ ಕೂಡಿಸಿದರೆ ಅದರಲ್ಲಿ ಇಷ್ಟು ಭಾಗ ಹೂಳೆತ್ತಲು, ಪಂಪು ರಿಪೇರಿಗೆ ಎಂದು ಮೊದಲ ದಿನವೇ ತೆಗೆದಿಡಬೇಕು. ಸಾಧ್ಯವಾದರೆ ಬಾಡಿಗೆ ಬರುವ ಒಂದು ಅಂಗಡಿಯನ್ನೋ ಹತ್ತು ತೆಂಗಿನ ಮರಗಳನ್ನೋ ಅದರ ಹೆಸರಿಗೆ ವಕ್ಫ್ ಮಾಡಬೇಕು. ಅಮೃತಶಿಲೆಯ ಹೆಸರಿನ ಫಲಕಕ್ಕೆ ಹಣವಿದ್ದು ಹೂಳೆತ್ತಲು ಹಣವಿಲ್ಲದ ಬಾವಿ ತಾಜ್ ಬಾವಡಿಯ ಗತಿಯನ್ನೇ ಕಾಣುತ್ತದೆ. ಲೆಕ್ಕಪತ್ರ ಪ್ರತಿ ವರ್ಷ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ತೂಗಬೇಕು.

ಮೂರು, ಚಿಕ್ಕ ಹಿಂಡು ಮೊದಲು. ಊರಿನಲ್ಲಿ ಬರವನ್ನು ತಡೆದುಕೊಳ್ಳಲಾರದ ಮನೆಗಳು ಯಾವುವು ಎಂಬ ಪಟ್ಟಿ ಮಳೆಗಾಲಕ್ಕೆ ಮುಂಚೆಯೇ ಸಿದ್ಧವಿರಬೇಕು. ವಿಧವೆಯರ ಮನೆ, ದಿನಗೂಲಿಯವರ ಮನೆ, ಒಣಭೂಮಿಯ ರೈತನ ಮನೆ ಅದರಲ್ಲಿ ಮೇಲಿರಬೇಕು. ಅವರು ಬಾಗಿಲಿಗೆ ಬಂದು ಕೇಳುವ ತನಕ ಕಾಯುವುದು ಹುನಯ್‌ಗೆ ಕೊಟ್ಟ ಸೂಚನೆಗೆ ವಿರುದ್ಧ.

ಮುಂದಿನ ಬಾರಿ ಇಸ್ತಿಸ್ಕಾ ನಮಾಝಿಗೆ ಈದ್ಗಾಕ್ಕೆ ಹೊರಡುವ ಜಮಾಅತ್ ಈ ಪಟ್ಟಿಯನ್ನೂ ಈ ಲೆಕ್ಕವನ್ನೂ ಮುಗಿಸಿ ಹೊರಡಲಿ. ಹಕ್ಕುಗಳನ್ನು ಹಿಂದಿರುಗಿಸಿ ಬನ್ನಿ ಎಂದು ವಿದ್ವಾಂಸರು ಬರೆದದ್ದರ ಅರ್ಥ ಆಗ ನಮ್ಮ ಊರಿನಲ್ಲೂ ಕಾಣುತ್ತದೆ.

ಅಲ್ಲಾಹನು ನಮ್ಮ ನಾಡಿಗೆ ಹಿತವಾದ ಮಳೆಯನ್ನು ಕರುಣಿಸಲಿ. ನಮ್ಮ ದಾನಗಳನ್ನು ಹರಿಯುವ ದಾನಗಳನ್ನಾಗಿ ಸ್ವೀಕರಿಸಲಿ. ನೀರಿನ ಸಾಲಿನಲ್ಲಿ ನಮಗಿಂತ ದುರ್ಬಲರನ್ನು ಮುಂದೆ ಬಿಡುವ ಮನಸ್ಸನ್ನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.